ಸಾಕ್ಷಿ ಮೂಕಾಯಿಯ ಬಗ್ಗೆ ನಮ್ಮ ಜನ ಹೇಳಿದ್ದು

ವಡಪಳನಿ, ಮದ್ರಾಸು
6-2-1981

ಪೂಜ್ಯ ಶಿವಭಾಗ್ಯಂ ಅಕ್ಕನವರಿಗೆ ಮರಗದಂ ಮಾಡುವ ನಮಸ್ಕಾರಗಳು.

ಪೊಂಗಲ್ ಹಬ್ಬಕ್ಕೆ ಬಂದ ನಮ್ಮ ‘ಸಾಕ್ಷಿ ಮೂಕಾಯಿ’ ಚಿತ್ರ ಇಲ್ಲಿ ಇನ್ನೂ ಓಡುತ್ತಿದೆ ಅಕ್ಕಾ. ಪುದುಕೋಟೆ ಸೀಮೆಯಲ್ಲಿ ಊರೂರು ಅಲೆದು ನಾವು ಆಡಿದ ಅದೇ ಕೋಳಿ ಕಳವಿನ ಮೊಕದ್ದಮೆ, ಅದೇ ಕೋರ್ಟು, ಮೊಸರು ಮಜ್ಜಿಗೆ ಮಾರುವ ಅದೇ ಮುದುಕಿ. ನಾಟಕದಲ್ಲಿ ನೀವು ಮೂಕಾಯಿ, ನಾನು ವಕೀಲರ ಹೆಂಡತಿ. ತೆರೆಯ ಮೇಲೆ ನಾನು ಮೂಕಾಯಿ ಎಂದು ನಿಮಗೆ ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ವಾರಪತ್ರಿಕೆಯಲ್ಲಿ ಪ್ರೇಕ್ಷಕರ ಅಭಿಪ್ರಾಯ ಎಂದು ಒಂದು ಪುಟ ಹಾಕಿದ್ದಾರೆ. ವೇಲೂರಿನ ರೈಲ್ವೆ ಗಾರ್ಡ್ ಒಬ್ಬರು, ‘ಜಡ್ಜು ನಿನ್ನ ವಯಸ್ಸೆಷ್ಟು ಎಂದು ಕೇಳಿದರೆ ಮೂಕಾಯಿ, ಯಾವಾಗ ಸಾಮಿ? ಎಂದು ತಿರುಗಿ ಕೇಳುತ್ತಾಳಲ್ಲ, ಅದಕ್ಕಾಗಿಯೇ ಮತ್ತೆ ಹೋದೆ’ ಎಂದು ಬರೆದಿದ್ದಾರೆ. ಕೊಯಮತ್ತೂರಿನ ಕಾಲೇಜು ಹುಡುಗಿಯೊಬ್ಬಳಿಗೆ ತನ್ನ ಅಜ್ಜಿಯೇ ಕಟಕಟೆ ಹತ್ತಿದ ಹಾಗಾಯಿತಂತೆ. ನಿವೃತ್ತ ಅಮೀನರೊಬ್ಬರು ಮಾತ್ರ, ಸಾಕ್ಷಿಯಾದವಳು ಕಟಕಟೆಗೆ ಕೈಮುಗಿದು ಜವಾನನ ಹತ್ತಿರ ಕರ್ಪೂರ ಕೇಳುವ ಕ್ರಮ ಯಾವ ಕೋರ್ಟಿನಲ್ಲೂ ಇಲ್ಲ ಎಂದು ತಪ್ಪು ಹಿಡಿದಿದ್ದಾರೆ. ಕೊನೆಗೆ ‘ಆದರೂ ನಕ್ಕೆ’ ಎಂದು ಸಹಿ ಹಾಕಿದ್ದಾರೆ.

ಇದನ್ನೆಲ್ಲ ಓದಿದರೂ ನನಗೆ ಧೈರ್ಯ ಬರುವುದಿಲ್ಲ. ಇಲ್ಲಿನವರು ಬಿದ್ದುಹೋದ ಚಿತ್ರವನ್ನೂ ಅದ್ಭುತ ಎಂದೇ ಹೊಗಳುತ್ತಾರೆ. ನಮ್ಮ ಜನ ನಾಟಕ ನೋಡಿದವರು, ನಿಮ್ಮ ಮೂಕಾಯಿಯನ್ನು ನೋಡಿದವರು. ಅವರು ಏನು ಹೇಳುತ್ತಾರೆ ಎಂಬುದೇ ನನಗೆ ಬೇಕು. ನೀವು ಟೆಂಟ್ ಟಾಕೀಸಿನ ಹೆಂಗಸರ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದೀರಂತೆ. ಚಿತ್ರ ಅಲ್ಲಿಗೆ ಬಂದಾಗ ಜನ ಆಡಿಕೊಳ್ಳುವುದನ್ನು ಇದ್ದ ಹಾಗೆಯೇ ಬರೆಯಿರಿ. ಚಿತ್ರದ ಕಂಪನಿಯವರು ಮುಂದಿನ ಚಿತ್ರಗಳಿಗೂ ನನ್ನನ್ನು ಕರಾರಿಗೆ ಬರೆಸಿಕೊಳ್ಳುತ್ತಾರಂತೆ. ಸಹಿ ಹಾಕಿದರೆ ಇನ್ನು ನಾಟಕ ಆಡುವಂತಿಲ್ಲ. ಆಡಿ ತಿಂಗಳವರೆಗೆ, ಜುಲೈ ನಡುವಿನವರೆಗೆ, ಸಮಯ ಕೇಳಿದ್ದೇನೆ. ನಮ್ಮವರು ಒಪ್ಪದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದುಬಿಡುತ್ತೇನೆ.

ನಿಮ್ಮ ತಂಗಿ,
ಮರಗದಂ

*

ತಿರುಮಯಂ
21-2-1981

ಚಿರಂಜೀವಿ ಮರಗದಂಗೆ ಶಿವಭಾಗ್ಯಂ ಮಾಡುವ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಪತ್ರಿಕೆಯಲ್ಲಿ ನಿನ್ನ ಫೋಟೋ ನೋಡಿದೆ. ಬಿಳಿ ಕೂದಲಿನ ಟೋಪನ್ ನಿನ್ನ ತಲೆಗೆ ಚೆನ್ನಾಗಿ ಕೂತಿದೆ. ನಾನಾಗಿದ್ದರೆ ಕಂಪನಿಗೆ ಆ ಖರ್ಚು ಉಳಿಯುತ್ತಿತ್ತು.

ಊರಿನಲ್ಲಿ ಸಿಕ್ಕಸಿಕ್ಕವರೆಲ್ಲ, “ಅಲ್ಲಾ ಅಕ್ಕಾ, ಅದು ನಿಮ್ಮ ಪಾತ್ರ ಅಲ್ವಾ, ಅವಳು ಹೆಂಗೆ ಹಾರಿಸ್ಕೊಂಡೋದ್ಳು?” ಎಂದು ಕೇಳುತ್ತಾರೆ. ಯಾರೂ ಹಾರಿಸಿಕೊಂಡು ಹೋಗಲಿಲ್ಲ, ನಾನೇ ಬಿಟ್ಟುಹೋದೆ ಎನ್ನುತ್ತೇನೆ. ನಿನಗೆ ನೆನಪಿದೆಯಲ್ಲ, ಆ ಸಲ ಪುದುಕೋಟೆಯ ನಾಟಕದ ನೋಟೀಸಿನಲ್ಲಿ ನಿನ್ನ ಫೋಟೋವನ್ನು ಮೇಲೆ ಹಾಕಿ ನನ್ನದನ್ನು ಮೃದಂಗದವನ ಪಕ್ಕಕ್ಕೆ ತಳ್ಳಿದ್ದರು. ಅರಂತಾಂಗಿಯವರು ಅದೇ ದಿನದ ತಮ್ಮ ನಾಟಕದ ನೋಟೀಸಿನಲ್ಲಿ ನನ್ನ ಮುಖವನ್ನು ನಟ್ಟನಡುವೆ ಹಾಕುತ್ತೇವೆ ಎಂದರು. ಹೋದೆ. ಮದ್ರಾಸಿನ ಡೈರೆಕ್ಟರು ಬಂದು ಪುದುಕೋಟೆಯ ಮುಂದಿನ ಸಾಲಿನಲ್ಲಿ ಕೂತದ್ದು ಅಂದೇ. ನನ್ನ ಮಜ್ಜಿಗೆ ಮಡಕೆಯನ್ನು ನಿನ್ನ ತಲೆಯ ಮೇಲಿಟ್ಟು ರಂಗಕ್ಕೆ ತಳ್ಳಿದ್ದೂ ಅಂದೇ. ಹಣೆಬರಹಕ್ಕೆ ಯಾರನ್ನು ಬೈಯಲಿ?

ನನಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ನಿನಗೆ ಬರೆದರೆ ನಂಬಬೇಡ. ಅರಂತಾಂಗಿಯಲ್ಲಿ ಜನ ಒನ್ಸ್ ಮೋರ್ ಕೂಗಿದರು. ಈ ವರ್ಷ ಮಂಡಿ ನೋವಿನಿಂದ ನಾಟಕ ಒಪ್ಪಿಕೊಂಡಿಲ್ಲ, ಅಷ್ಟೇ. ನಿನ್ನ ಚಿತ್ರ ಬಂದಾಗ ನೋಡಿ ಬರೆಯುತ್ತೇನೆ. ಇದ್ದ ಹಾಗೆ ಬರೆ ಎಂದಿದ್ದೀಯ. ಆಮೇಲೆ ಅಳಬೇಡ.

ಶಿವಭಾಗ್ಯಂ

*

ತಿರುಮಯಂ
12-6-1981

ಮರಗದಂಗೆ ಆಶೀರ್ವಾದ.

ನಿನ್ನ ಚಿತ್ರದ ರೀಲಿನ ಪೆಟ್ಟಿಗೆ ನಮ್ಮ ಟೆಂಟಿಗೆ ಬಂತು. ಎತ್ತಿನ ಗಾಡಿಗೆ ನಿನ್ನ ಪೋಸ್ಟರ್ ಕಟ್ಟಿ ತಮಟೆ ಬಡಿದರು. ಕೇಳಿದೆಯಲ್ಲ, ನಮ್ಮ ಜನರ ಅಭಿಪ್ರಾಯ ಇಲ್ಲಿದೆ.

ಬಾಗಿಲಲ್ಲಿ ಮುರುಕು ಮಾರುವ ಪೇಚಿ ಹೇಳಿದ್ದು: “ಮೂಕಾಯಿ ಮೈಮೇಲೆ ಇಷ್ಟು ಒಳ್ಳೇ ಸೀರೆ ಎಲ್ಲಿಂದ ಬಂತು? ಮಜ್ಜಿಗೆ ಮಾರಿ ತಗೊಂಡ್ಳಾ, ಕೋಳಿ ಮಾರಿ ತಗೊಂಡ್ಳಾ?” ಮುನ್ಸೀಫ್ ಕೋರ್ಟಿನ ಗುಮಾಸ್ತ ಹೆಂಡತಿಯನ್ನು ಕರೆತಂದಿದ್ದ. “ಜಡ್ಜಿಗೆ ಅಷ್ಟು ದಪ್ಪ ಮೀಸೆ ಇದ್ರೆ ಕಕ್ಷಿದಾರರು ಹೆದರ್ಕೊಂಡು ರಾಜಿ ಮಾಡ್ಕೋತಾರೆ, ಕೇಸೇ ನಡೆಯಲ್ಲ” ಎಂದ. ಅಕ್ಕಸಾಲಿಗರ ಮನೆಯ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ಅತ್ತೆ ಹೇಳಿದ್ದು ನಿನಗೆ ಬೇಕಾಗಿಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಟಿಕೆಟ್ ಮುಗಿದ ಮೇಲೆ ಒಳಗೆ ಹೋಗಿ ಹಿಂದಿನ ಬೊಂಬಿನ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ನಿನ್ನ ಕಟಕಟೆಯ ಸೀನು ಬಂದ ಕೂಡಲೇ ಹೆಂಗಸರು ತೆರೆ ನೋಡುವುದನ್ನು ಬಿಟ್ಟು ಮರಳಿನ ಮೇಲೆ ಹಿಂದಕ್ಕೆ ತಿರುಗಿ ಕೂರುತ್ತಾರೆ. ಒಂದು ದಿನವಲ್ಲ, ದಿನವೂ ಹಾಗೇ. ಇದು ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ತಪ್ಪು ಎಲ್ಲಿ ಎಂದು ನಿನಗೆ ಗೊತ್ತಾಗಬೇಕು. ವಕೀಲ, “ಕೋಳಿ ಕದ್ದದ್ದನ್ನ ಕಣ್ಣಾರೆ ನೋಡಿದ್ಯಾ?” ಎಂದು ಕೇಳುತ್ತಾನೆ. “ನೋಡ್ಲಿಲ್ಲ ಸಾಮಿ, ತಿಂದೆ” ಎನ್ನುವ ಮೊದಲು ಮೂಕಾಯಿ ಸೆರಗಿನಿಂದ ಬಾಯಿ ಒರೆಸಿಕೊಳ್ಳಬೇಕು. ನೀನು ಒರೆಸಿಕೊಳ್ಳುವಾಗ ವಕೀಲನ ಮುಖ ನೋಡುತ್ತೀಯ. ಅವನನ್ನು ಯಾಕೆ ನೋಡಬೇಕೇ? ಮೂಕಾಯಿಗೆ ಆಗ ವಕೀಲನೂ ಇಲ್ಲ, ಕೋರ್ಟೂ ಇಲ್ಲ. ಅವಳು ಆ ಸಾರನ್ನು ನೆನೆಸಿಕೊಳ್ಳುತ್ತಿದ್ದಾಳೆ. ನಿನಗೆ ಇದನ್ನು ಎಷ್ಟು ಸಲ ಹೇಳಿದ್ದೆ.

ಶಿವಭಾಗ್ಯಂ

*

ಮದ್ರಾಸು
20-6-1981

ಅಕ್ಕನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಅಳಬೇಡ ಎಂದಿದ್ದಿರಿ, ಆಗಲಿಲ್ಲ.

ಸೀರೆ ನಾನು ಆರಿಸಿದ್ದಲ್ಲ, ಆದರೂ ಪೇಚಿಯ ಮಾತು ಸರಿ. ವಕೀಲನ ಮುಖ ನೋಡಿದ್ದು ಡೈರೆಕ್ಟರು ಹೇಳಿದ್ದಕ್ಕೆ. ನನಗೂ ಆಗಲೇ ಇರುಸುಮುರುಸಾಗಿತ್ತು, ಬಾಯಿ ಬಿಡಲಿಲ್ಲ. ಆದರೆ ಹಿಂದಕ್ಕೆ ತಿರುಗಿ ಕೂರುತ್ತಾರೆ ಎಂದು ಬರೆದಿರಲ್ಲ, ಅದನ್ನು ತಡೆದುಕೊಳ್ಳಲಾಗುತ್ತಿಲ್ಲ. ನಾಟಕದಲ್ಲಿ ಹಾಡು ಹಳಸಿದರೆ ಜನ ಸೋಡಾ ಕುಡಿಯಲು ಏಳುತ್ತಿದ್ದರು. ಬೆನ್ನು ತಿರುಗಿಸಿದ್ದನ್ನು ನಾನು ಕಂಡಿಲ್ಲ. ಎಲ್ಲರೂ ಹಾಗೆಯೇ ಮಾಡುತ್ತಾರಾ ಅಕ್ಕಾ? ಗಂಡಸರ ಕಡೆಯೂ? ಒಬ್ಬರಾದರೂ ನಗಲಿಲ್ಲವೇ?

ಮರಗದಂ

*

ತಿರುಮಯಂ
27-6-1981

ಮರಗದಂಗೆ,

ಗಂಡಸರ ಕಡೆ ನನಗೆ ಕಾಣುವುದಿಲ್ಲ, ನಡುವೆ ಗೋಡೆ ಇದೆ. ನಗುವವರು ಎಲ್ಲದಕ್ಕೂ ನಗುತ್ತಾರೆ. ನಾಯಿ ಒಳಗೆ ನುಗ್ಗಿದರೂ ನಗುತ್ತಾರೆ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯಬಾರದು.

ಇಷ್ಟು ಕಟುವಾಗಿ ಬರೆಯುತ್ತೇನೆ ಎಂದು ಬೇಸರಪಡಬೇಡ. ಬೇರೆಯವರಾದರೆ ಬೆಣ್ಣೆ ಸವರುತ್ತಾರೆ, ನಾನು ಅಕ್ಕ. ಕ್ಯಾಮರಾ ಎಂಬುದು ಮೂಗಿನ ಹತ್ತಿರ ಬಂದು ನಿಲ್ಲುತ್ತದಂತೆ, ಅಲ್ಲಿ ನಮ್ಮಂಥವರು ಬಾಳುವುದು ಕಷ್ಟ. ಬರುವ ವರ್ಷಕ್ಕೆ ನನ್ನ ಮಂಡಿ ಸರಿಹೋಗುತ್ತದೆ. ವಕೀಲರ ಹೆಂಡತಿಯ ಪಾತ್ರಕ್ಕೆ ಈಗ ಒಬ್ಬಳು ಬರುತ್ತಿದ್ದಾಳೆ, ಬಾಯಿ ಬಿಟ್ಟರೆ ಅಪಸ್ವರ. ನೀನು ಬಂದರೆ ಅವಳನ್ನು ಬಿಡಿಸುತ್ತೇನೆ. ಮೊದಲಿನ ಹಾಗೆ ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ಬಣ್ಣ ಹಚ್ಚಿಕೊಳ್ಳಬಹುದು.

ಚಿತ್ರವನ್ನು ಇಲ್ಲಿ ಇಂದೋ ನಾಳೆಯೋ ತೆಗೆಯುತ್ತಾರೆ.

ಶಿವಭಾಗ್ಯಂ

*

ಮದ್ರಾಸು
6-7-1981

ಅಕ್ಕನವರಿಗೆ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಕ್ಷಮಿಸಿ. ನಾಲ್ಕು ದಿನದಲ್ಲಿ ಕಂಪನಿಗೆ ಹೋಗಿ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ. ಮನೆ ಮಾಲೀಕರಿಗೂ ತಿಳಿಸಿದ್ದಾಯಿತು. ವಕೀಲರ ಹೆಂಡತಿಯ ಪಾತ್ರ ನನಗೇ ಇರಲಿ.

ಮರಗದಂ

*

ತಿರುಮಯಂ
9-7-1981

ಮರಗದಂಗೆ,

ಹೇಳಿಬಿಟ್ಟೆಯಾ? ಇನ್ನೂ ಹೇಳಿಲ್ಲದಿದ್ದರೆ ತಡೆ. ಒಂದು ಊರಿನ ಟೆಂಟಿನ ಮಾತಿಗೆ ಯಾರಾದರೂ ಬಂದ ಅನ್ನವನ್ನು ಒದೆಯುತ್ತಾರಾ? ಸ್ವಲ್ಪವೂ ವಿವೇಕ ಬೇಡವೇ? ವೇಲೂರಿನ ರೈಲ್ವೆಯವರು, ಕೊಯಮತ್ತೂರಿನ ಹುಡುಗಿ, ಅವರೆಲ್ಲ ಹುಚ್ಚರಾ?

ನಿನ್ನ ಚಿತ್ರಕ್ಕೆ ಜನ ಬರುತ್ತಿದ್ದಾರೆ. ಬರುವುದಿಲ್ಲ ಎಂದು ನಾನು ಬರೆದಿಲ್ಲ, ಬೇಕಾದರೆ ನನ್ನ ಕಾಗದ ತೆಗೆದು ನೋಡು. ಕರ್ಪೂರ ಕೇಳುವಲ್ಲಿ ನಗುತ್ತಾರೆ. ವಯಸ್ಸು ಹೇಳುವಲ್ಲಿಯೂ ನಗುತ್ತಾರೆ. ನೀನು ಒಬ್ಬರಾದರೂ ನಗಲಿಲ್ಲವೇ ಎಂದು ಕೇಳಿದಾಗ ನಾನು ನಾಯಿಯ ಮಾತು ಬರೆದೆ, ಅದು ನನ್ನ ಬಾಯಿ. ಆದರೆ ಹಿಂದಕ್ಕೆ ತಿರುಗುತ್ತಾರೆ ಎಂದದ್ದು ಸುಳ್ಳಲ್ಲ. ಯಾಕೆ ಎಂದು ಕೇಳಬೇಡ, ಸಿಕ್ಕಾಗ ಹೇಳುತ್ತೇನೆ.

ಮನೆ ಬಿಡಬೇಡ. ಈ ಕಾಗದ ಸಿಕ್ಕ ಕೂಡಲೇ ಉತ್ತರ ಬರೆ.

ಶಿವಭಾಗ್ಯಂ

*

ಮದ್ರಾಸು
22-7-1981

ಶಿವಭಾಗ್ಯಂ ಅಕ್ಕನವರಿಗೆ,

ನೀವು ಸಿಕ್ಕಾಗ ಹೇಳುತ್ತೇನೆ ಎಂದಿರಿ. ಹೇಳುವ ಅಗತ್ಯವಿಲ್ಲ. ನಾನು ತಿರುಮಯಂಗೆ ಬಂದಿದ್ದೆ.

ಆಗುವುದಿಲ್ಲ ಎಂದು ಹೇಳಲು ಕಂಪನಿಗೆ ಹೋದ ದಿನ, ಊರುಗಳಿಗೆ ಚಿತ್ರ ಕಳಿಸುವ ವ್ಯವಸ್ಥಾಪಕರು ಯಾರಿಗೋ ಫೋನಿನಲ್ಲಿ ಕಿರುಚುತ್ತಿದ್ದರು. “ತಿರುಮಯಂಗೆ ಹೋದ ಪೆಟ್ಟಿಗೆ ತಿರುಗಿ ಬರೋದೇ ಇಲ್ಲ ರೀ! ಅಲ್ಲಿ ಜನ ಬಿಡ್ತಿಲ್ಲ ಅಂತಾನೆ ಟೆಂಟ್‌ನೋನು. ಕೀರನೂರಿನೋರು ಕಾದು ಕಾದು ಬೈತಿದ್ದಾರೆ.” ನಾನು ಅಲ್ಲೇ ನಿಂತುಬಿಟ್ಟೆ. ಬೆನ್ನು ತಿರುಗಿಸುವ ಜನ ಪೆಟ್ಟಿಗೆಯನ್ನು ಯಾಕೆ ಬಿಡುವುದಿಲ್ಲ? ಒಳಗೆ ಹೋಗದೆ ಮನೆಗೆ ಬಂದೆ. ಮರುದಿನ ಬಸ್ಸು ಹತ್ತಿದೆ.

ತಲೆಯ ಮೇಲೆ ಸೆರಗು ಹೊದ್ದು ನಿಮ್ಮ ಕಿಂಡಿಗೆ ಕೈ ಹಾಕಿದೆ. “ಚಿಲ್ಲರೆ ಇಟ್ಕೊಂಡು ಬರೋಕೇನು ರೋಗ?” ಎಂದು ಬೈದು ಟಿಕೆಟ್ ಕೊಟ್ಟಿರಿ. ಆ ಕಿಂಡಿಯಲ್ಲಿ ಕೈಯೊಂದನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನನ್ನ ಕೈ ನಿಮಗೆ ಗುರುತು ಸಿಗಲಿಲ್ಲ. ಟೋಪನ್ ಇಲ್ಲದ ಮುಖವನ್ನು ಒಳಗೆ ಯಾರೂ ಗುರುತಿಸಲಿಲ್ಲ, ಮುಂದೆ ಗೋಡೆಯ ಪಕ್ಕದಲ್ಲಿ ಹೋಗಿ ಕೂತೆ.

ಕಟಕಟೆಯ ಸೀನು ಬಂತು. ನೀವು ಬರೆದದ್ದು ಅಕ್ಷರಶಃ ನಿಜ. ಹೆಂಗಸರ ಕಡೆ ಇದ್ದವರೆಲ್ಲ ಮಕ್ಕಳನ್ನು ತೊಡೆಯಿಂದ ತೊಡೆಗೆ ಹಾಕಿಕೊಂಡು ಹಿಂದಕ್ಕೆ ತಿರುಗಿದರು. ನಾನೂ ತಿರುಗಿದೆ. ಕಂಬದ ಹತ್ತಿರ ನೀವು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಿರಿ. ಸ್ಪೀಕರಿನಿಂದ ನನ್ನ ಧ್ವನಿ ಬರುತ್ತಿತ್ತು, ಆಡುತ್ತಿದ್ದವರು ನೀವು. ಬೊಂಬಿಗೆ ಕೈಮುಗಿದಿರಿ, ಪೇಚಿಯ ಹತ್ತಿರ ಕರ್ಪೂರ ಕೇಳುವ ಹಾಗೆ ಕೈ ಚಾಚಿದಿರಿ. ವಕೀಲ ಕೇಳಿದ. ತೆರೆಯ ಮೇಲಿನ ನಾನು ಇನ್ನೂ ಅವನ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ನೀವು ಬಾಯಿ ಒರೆಸಿಕೊಂಡಿರಿ, ಸಾರನ್ನು ನೆನೆಸಿಕೊಂಡಿರಿ. ನಾನು ‘ತಿಂದೆ’ ಎನ್ನುವ ಮೊದಲೇ ಟೆಂಟು ನಗೆಯಿಂದ ಹಾರಿಹೋಗುವ ಹಾಗಾಯಿತು. ನನ್ನ ಮಾತು ಯಾರಿಗೂ ಕೇಳಿಸಲೇ ಇಲ್ಲ. ನಿಮ್ಮ ಮುಖದ ಮೇಲೆ ಬೆಳಕು ಬಿದ್ದಿತ್ತು ಅಕ್ಕಾ, ತೆರೆಯ ಮೇಲಿದ್ದ ನನ್ನ ಮುಖದ ಬೆಳಕು. ಅದರಲ್ಲೇ ಅವರು ನಿಮ್ಮನ್ನು ನೋಡುತ್ತಿದ್ದರು.

ಪಕ್ಕದಲ್ಲಿದ್ದ ಹೆಂಗಸು ನನ್ನ ತೊಡೆಗೆ ಹೊಡೆದು, “ಸಿನಿಮಾದೋಳು ಏನು ಮಾಡ್ತಾಳೆ ಬಿಡು, ನಮ್ಮ ಅಕ್ಕನ್ನ ನೋಡು!” ಎಂದಳು. ನಾನೂ ನಕ್ಕಿದ್ದೆ. ಅದೇ ನನಗೆ ಹೆಚ್ಚು ಉರಿಯಿತು. ಅಲ್ಲಿ ಕೂರಲಾಗಲಿಲ್ಲ, ಚಿತ್ರದ ಮಧ್ಯದಲ್ಲೇ ಎದ್ದು ಬಸ್‌ಸ್ಟ್ಯಾಂಡಿಗೆ ಬಂದೆ. ದಾರಿಯುದ್ದಕ್ಕೂ ನೀವು ನನಗೆ ಮಾಡಿದ ಮೋಸಕ್ಕಿಂತ ನೀವು ಬಾಯಿ ಒರೆಸಿಕೊಂಡದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಎಷ್ಟು ವರ್ಷ ನಿಮ್ಮ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಅದು ನನಗೆ ಬರುವುದಿಲ್ಲ. ಹೊಟ್ಟೆಕಿಚ್ಚು ಎಂದರೆ ಹೀಗಿರುತ್ತದೆ ಎಂದು ಗೊತ್ತಾಯಿತು. ನನ್ನದೇ ಚಿತ್ರದಲ್ಲಿ ನನ್ನ ಕಡೆ ಬೆನ್ನು ಹಾಕಿ ಕೂತ ಜನರನ್ನು ನೋಡಿ ಬಂದಿದ್ದೇನೆ.

ನಿನ್ನೆ ಕಂಪನಿಯಲ್ಲಿ ಸಹಿ ಹಾಕಿದೆ. ಮುಂದಿನ ಚಿತ್ರದಲ್ಲಿ ನಾನು ಹುಡುಗಿಯ ತಾಯಿ. ನನ್ನ ಜೊತೆ ಮೂರು ಹೊತ್ತೂ ಜಗಳವಾಡುವ ಬೀಗಿತ್ತಿಯ ಪಾತ್ರಕ್ಕೆ ಒಬ್ಬರು ಬೇಕಂತೆ. ಡೈರೆಕ್ಟರು, “ನಿಮ್ಮ ಕಡೆ ಯಾರಾದ್ರೂ ಇದ್ದಾರೇನಮ್ಮಾ?” ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಗೊತ್ತಿದ್ದೇ ಹೇಳಿದೆ, ನಾಳೆ ಕೇಳಿದರೂ ಹಾಗೆಯೇ ಹೇಳುತ್ತೇನೆ. ನೀವು ಬಂದು ಪಕ್ಕದಲ್ಲಿ ನಿಂತರೆ ನನ್ನನ್ನು ಯಾರು ನೋಡುತ್ತಾರೆ?

ಮರಗದಂ

*

ತಿರುಮಯಂ
29-7-1981

ಮರಗದಂಗೆ,

ನಿನ್ನ ಕಾಗದವನ್ನು ಇಷ್ಟು ದಿನ ರವಿಕೆಯೊಳಗೆ ಇಟ್ಟುಕೊಂಡು ಓಡಾಡಿದೆ. ಬೆವರಿಗೆ ಶಾಯಿ ಇಳಿದಿದೆ. ಬಾಯಿಪಾಠ ಆಗಿದೆ, ಪರವಾಗಿಲ್ಲ. ಅರಂತಾಂಗಿಯ ನೋಟೀಸು, ಪುದುಕೋಟೆಯಲ್ಲಿ ನನಗೆ ಕೊಟ್ಟ ಬೆಳ್ಳಿ ಪದಕ ಎಲ್ಲವನ್ನೂ ಒಂದು ಕಡೆ ಇಟ್ಟು ಇದನ್ನು ಇನ್ನೊಂದು ಕಡೆ ಇಟ್ಟರೂ ಇದೇ ತೂಕ. ನಿನಗೆ ಹೊಟ್ಟೆಕಿಚ್ಚಾಯಿತು ಎಂದು ಓದಿದಾಗ ನನಗಾದ ಸಂತೋಷಕ್ಕೆ ಪೇಚಿಯನ್ನು ಕರೆದು ಸುಮ್ಮಸುಮ್ಮನೆ ಕಾಫಿ ಕೊಡಿಸಿದೆ. “ಏನಕ್ಕಾ ವಿಶೇಷ?” ಎಂದಳು. ಏನೂ ಇಲ್ಲ, ಕುಡಿ ಎಂದೆ.

ಬೀಗಿತ್ತಿಯ ಪಾತ್ರಕ್ಕೆ ನನ್ನ ಹೆಸರು ಹೇಳಲಿಲ್ಲವೆಂದು ಬರೆದಿದ್ದೀಯ. ಎರಡು ದಿನ ನಿನ್ನನ್ನು ಬೈದೆ, ಕೇಳಿಸಿಕೊಳ್ಳುವವರಿಗೆಲ್ಲ ಕೇಳುವ ಹಾಗೆ ಬೈದೆ. ಮೂರನೆಯ ದಿನ ಸುಮ್ಮನಾದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ. ಬಿಡು, ಮಂಡಿ ನೋವಿಗೆ ಮದ್ರಾಸಿನ ನೀರು ಆಗುವುದಿಲ್ಲವಂತೆ.

ನೀನು ಸಹಿ ಹಾಕಿದ್ದು ಒಳ್ಳೆಯದಾಯಿತು. ಹಾಕದೆ ಹೋಗಿದ್ದರೆ ನಾನು ಈ ಕಿಂಡಿಯಲ್ಲಿ ಹೇಗೆ ಕೂರುತ್ತಿದ್ದೆನೋ ಗೊತ್ತಿಲ್ಲ. ಆದರೆ ಮಧ್ಯದಲ್ಲೇ ಎದ್ದು ಹೋದದ್ದು ತಪ್ಪು. ಕೊನೆಯವರೆಗೆ ಕೂರಬೇಕಿತ್ತು. ನಾನು ನಿನಗೆ ಬರೆಯದೆ ಉಳಿಸಿಕೊಂಡ ಅಭಿಪ್ರಾಯ ಒಂದಿದೆ. ನೀನು ಕೂತಿದ್ದರೆ ನಾನು ಬರೆಯಬೇಕಾಗಿಯೇ ಇರಲಿಲ್ಲ.

ಕೋರ್ಟು ಮುಗಿದು ಎಲ್ಲರೂ ಹೋದ ಮೇಲೆ ಮೂಕಾಯಿ ಒಬ್ಬಳೇ ಮೆಟ್ಟಿಲಿನ ಹತ್ತಿರ ನಿಲ್ಲುತ್ತಾಳಲ್ಲ, ಅದು ನಮ್ಮ ನಾಟಕದಲ್ಲಿ ಇರಲಿಲ್ಲ. ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು, ಮಡಕೆ ಎತ್ತಿ ಕೊಡುವವರು ಯಾರಾದರೂ ಬರುತ್ತಾರೇನೋ ಎಂದು ಸುತ್ತ ನೋಡುತ್ತಾಳೆ. ಯಾರೂ ಇಲ್ಲ. ಆಗ ಮಂಡಿಯೂರಿ ತಾನೇ ತಲೆಯನ್ನು ಮಡಕೆಯ ಹತ್ತಿರಕ್ಕೆ ಬಗ್ಗಿಸುತ್ತಾಳೆ. ಒಂದು ಮಾತೂ ಇಲ್ಲ. ಅದನ್ನು ನಿನಗೆ ಯಾರು ಹೇಳಿಕೊಟ್ಟರು? ಡೈರೆಕ್ಟರಿಗೆ ಗೊತ್ತಿರುವ ವಿಷಯವಲ್ಲ. ನೀನೇ ಮಾಡಿರಬೇಕು. ಮೊದಲನೆಯ ದಿನ ನೋಡಿದಾಗ ಕಂಬ ಬಿಟ್ಟು ಮುಂದಕ್ಕೆ ಬಂದು ನಿಂತೆ, ಆಮೇಲೆ ಹೊಟ್ಟೆ ಉರಿಯಿತು. ಆ ಉರಿಗೇ ನಿನಗೆ ಅಂಥ ಕಾಗದಗಳನ್ನು ಬರೆದೆ.

ದಿನವೂ ಅದನ್ನು ಮಾಡಲು ಪ್ರಯತ್ನಿಸಿದೆ. ಅದುವರೆಗೆ ನನ್ನ ಕಡೆ ತಿರುಗಿ ಕೂತು ನಗುತ್ತಿದ್ದವರು ಅಲ್ಲಿಗೆ ಬಂದಾಗ ಒಬ್ಬೊಬ್ಬರೇ ತೆರೆಯ ಕಡೆ ತಿರುಗುತ್ತಾರೆ. ಟೆಂಟಿನಲ್ಲಿ ಮಗುವಿನ ಸದ್ದೂ ಇರುವುದಿಲ್ಲ. ಪೆಟ್ಟಿಗೆ ಕೀರನೂರಿಗೆ ಹೋಗುವ ಹಿಂದಿನ ದಿನ ನಾನು ಹಠ ಹಿಡಿದು, ನಡುವಿಗೇ ಬಂದು, ಮಂಡಿ ನೋವಿದ್ದರೂ ಮಂಡಿಯೂರಿದೆ. ಪೇಚಿ ಸೀರೆ ಹಿಡಿದು ಎಳೆದಳು.

“ಅಕ್ಕಾ, ಒಂಚೂರು ಪಕ್ಕಕ್ಕೆ ಬನ್ನಿ. ಅವಳು ಮಡಕೆ ಎತ್ಕೊಳ್ಳೋದು ಕಾಣ್ತಿಲ್ಲ.”

ಪಕ್ಕಕ್ಕೆ ಹೋಗಿ ಅವಳ ಹತ್ತಿರವೇ ಮರಳಿನ ಮೇಲೆ ಕೂತೆ. ನಾನೂ ನೋಡಿದೆ.

ಶಿವಭಾಗ್ಯಂ